ಸಹಿ ಹಾಕಿದರೆ ಸಾಕೇ?

ನಮ್ಮ ಸೊಸೈಟಿಯ ಎದುರಿನ ರಸ್ತೆಗೆ ಫುಟ್‌ಪಾತ್ ಬೇಕೆಂದು ಒಮ್ಮೆ ಸಹಿ ಸಂಗ್ರಹಿಸಿದ್ದೆವು. ಎರಡು ಭಾನುವಾರ ಮೆಟ್ಟಿಲು ಹತ್ತಿಳಿದು ಇನ್ನೂರು ಚಿಲ್ಲರೆ ಸಹಿ ಕೂಡಿತು. ಅರ್ಜಿ ಕೊಟ್ಟಾಗ ನಮ್ಮ ಪ್ರತಿಯ ಮೇಲೊಂದು ಮೊಹರು ಬಿತ್ತು. ಇಲ್ಲಿ ಪುಣೆಯಲ್ಲಿ ಅದಕ್ಕೆ ‘ಪೋಚ್’ ಎನ್ನುತ್ತಾರೆ. ಕಾಗದ ತಲುಪಿತು ಅನ್ನುವುದಕ್ಕೆ ಸಾಕ್ಷಿ, ಅಷ್ಟೇ. ಫುಟ್‌ಪಾತ್ ಬರಲಿಲ್ಲ.

ಇದೇ ಸಹಿಗೆ ಬೇರೆಯೇ ಬೆಲೆ ಇರುವ ಊರೊಂದಿದೆ. ನಮ್ಮಂಥ ಐಟಿಯವರಿಗೆ ಸ್ಯಾನ್ ಫ್ರಾನ್ಸಿಸ್ಕೊ ಎಂದರೆ ರಾತ್ರಿ ಕಾಲ್‌ನ ಆ ತುದಿ. ಆದರೆ ಅಲ್ಲಿ 1898ರ ಚಾರ್ಟರ್‌ನಿಂದಲೂ ನಾಗರಿಕರೇ ಕಾನೂನಿನ ಕರಡು ಬರೆದು, ಸಹಿ ಕೂಡಿಸಿ, ನಗರ ಚುನಾವಣೆಯಲ್ಲಿ ಮತಕ್ಕೆ ಇಡಬಹುದು. ಮೇಯರ್ ಒಪ್ಪಬೇಕಿಲ್ಲ. ಸಹಿಗಳು ನಿಜವೇ ಎಂದು ಚುನಾವಣಾ ಇಲಾಖೆ ಪರೀಕ್ಷಿಸುತ್ತದೆ. ಕರಡಿನ ಪೂರ್ತಿ ಪಠ್ಯ, ಖಜಾನೆಗೆ ಬೀಳುವ ಹೊರೆ, ಪರ-ವಿರೋಧದ ವಾದ ಎಲ್ಲವನ್ನೂ ಅಚ್ಚು ಹಾಕಿಸಿ ಪ್ರತಿ ಮತದಾರನಿಗೂ ಕಳಿಸುತ್ತಾರೆ. ಗೆದ್ದರೆ ಅದು ಮನವಿಯಲ್ಲ, ಕಾನೂನು.

2018ರ ನವೆಂಬರಿನಲ್ಲಿ ಹೀಗೆ ಬಂದದ್ದು ‘ಪ್ರೊಪೊಸಿಷನ್ ಸಿ’. ಆಗ ಬೇಕಿದ್ದದ್ದು ಸುಮಾರು 9,500 ಸಹಿ. ವರ್ಷಕ್ಕೆ 5 ಕೋಟಿ ಡಾಲರ್‌ಗಿಂತ ಹೆಚ್ಚು ವಹಿವಾಟಿನ ಕಂಪನಿಗಳಿಗೆ ಹೆಚ್ಚುವರಿ ತೆರಿಗೆ ಹಾಕಿ, ಆ ದುಡ್ಡನ್ನು ಮನೆಯಿಲ್ಲದವರಿಗೆ ಬಳಸಬೇಕು ಎನ್ನುವುದು ಅದರ ಸಾರ. ಕನಿಷ್ಠ ಅರ್ಧ ಹಣ ಕಾಯಂ ವಸತಿಗೆ, ಕಾಲು ಭಾಗ ಮಾನಸಿಕ ಆರೋಗ್ಯಕ್ಕೆ. ಅದರ ಹಿಂದಿನ ವರ್ಷದ ಎಣಿಕೆಯಲ್ಲಿ ಆ ಶ್ರೀಮಂತ ಊರಿನಲ್ಲಿ ಮನೆಯಿಲ್ಲದವರು ಸುಮಾರು 7,500 ಮಂದಿ.

ಸಾಫ್ಟ್‌ವೇರ್ ಜಗತ್ತೇ ಎರಡು ಪಾಲಾಯಿತು. ಸೇಲ್ಸ್‌ಫೋರ್ಸ್‌ನ ಮಾರ್ಕ್ ಬೆನಿಯಾಫ್ ತೆರಿಗೆಯ ಪರ ನಿಂತು ಕೈಯಿಂದಲೇ ಮಿಲಿಯಗಟ್ಟಲೆ ಡಾಲರ್ ಕೊಟ್ಟರು. ಟ್ವಿಟರ್‌ನ ಜಾಕ್ ಡಾರ್ಸಿ ವಿರೋಧ. ಮೇಯರ್ ಲಂಡನ್ ಬ್ರೀಡ್ ಕೂಡ ವಿರೋಧವೇ: ಖರ್ಚಿಗೆ ಲೆಕ್ಕ ಕೇಳುವ ವ್ಯವಸ್ಥೆ ಸಾಲದು, ಉದ್ಯೋಗಗಳು ಹೊರಹೋಗಬಹುದು ಎಂದರು. ಆದರೂ ಶೇ 61ರಷ್ಟು ಜನ ಹೌದು ಎಂದರು.

ನಿಜವಾದ ಸ್ವಾರಸ್ಯ ಶುರುವಾಗುವುದು ಇಲ್ಲಿಂದ. ಕ್ಯಾಲಿಫೋರ್ನಿಯಾದಲ್ಲಿ ಸ್ಥಳೀಯ ಸರ್ಕಾರ ನಿರ್ದಿಷ್ಟ ಉದ್ದೇಶದ ತೆರಿಗೆಯನ್ನು ಮತಕ್ಕಿಟ್ಟರೆ ಮೂರನೇ ಎರಡು ಭಾಗದ ಬೆಂಬಲ ಬೇಕು. 61 ಅಲ್ಲಿಗೆ ಮುಟ್ಟುವುದಿಲ್ಲ. ಆದರೆ ಇದನ್ನು ಇಟ್ಟದ್ದು ಸರ್ಕಾರವಲ್ಲ, ನಾಗರಿಕರು; ಅವರಿಗೆ ಸರಳ ಬಹುಮತ ಸಾಕು ಎಂದು ನಗರದ ವಾದ. ಇದನ್ನು ಖಚಿತಪಡಿಸಿಕೊಳ್ಳಲು ನಗರವೇ ಕೋರ್ಟಿಗೆ ಹೋಯಿತು, ವಿರೋಧಿಗಳು ಅಲ್ಲಿ ಎದುರುವಾದ ಹೂಡಿದರು. ತೆರಿಗೆ ವಸೂಲಾಗುತ್ತಿತ್ತು, ಖರ್ಚು ಮಾಡುವಂತಿರಲಿಲ್ಲ. 2020ರಲ್ಲಿ ಮೇಲ್ಮನವಿ ನ್ಯಾಯಾಲಯ ನಗರದ ಪರ ತೀರ್ಪು ಕೊಟ್ಟಿತು, ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಕೆದಕಲು ಒಪ್ಪಲಿಲ್ಲ. ಎರಡು ವರ್ಷ ಕೂಡಿಟ್ಟ ದುಡ್ಡಿಗೆ ಆಗ ದಾರಿ ತೆರೆಯಿತು. ಅದೇ ಮತ, ಅದೇ ತೆರಿಗೆ. ಪ್ರಶ್ನೆ ಕೇಳಿದವರು ಯಾರು ಎಂಬುದರ ಮೇಲೆ ಸೋಲು ಗೆಲುವಾಯಿತು. ವೃತ್ತಿಯಲ್ಲಿ ದಿನವೂ ‘ಇಫ್ ಕಂಡೀಷನ್’ ಬರೆಯುವ ನನಗೆ ಇಷ್ಟು ದುಬಾರಿಯ ಒಂದು ಸಾಲನ್ನು ನೋಡಿದ ನೆನಪಿಲ್ಲ.

ಆ ಊರನ್ನು ಹೊತ್ತು ಮೆರೆಸುವ ಆಸೆ ನನಗಿಲ್ಲ. ಅಲ್ಲಿ ಸಹಿಗೆ ಇಷ್ಟು ಎಂದು ಕೂಲಿ ಪಡೆದು ಬೀದಿಯಲ್ಲಿ ನಿಲ್ಲುವವರಿದ್ದಾರೆ. ದುಡ್ಡಿದ್ದವರ ಪ್ರಶ್ನೆ ಮತಪತ್ರಕ್ಕೆ ಬೇಗ ಹತ್ತುತ್ತದೆ. ಹತ್ತಾರು ಪ್ರಸ್ತಾವ ಒಟ್ಟಿಗೆ ಬಂದರೆ ಆ ಪುಸ್ತಕವನ್ನು ಓದಿ ಮುಗಿಸುವವರಾರು?

ನಮ್ಮಲ್ಲಿ ನಗರಗಳಿಗೆ ಈ ಹಕ್ಕೇ ಇಲ್ಲ. ಪುಣೆಯಲ್ಲಿ 2006ರ ಸುಮಾರಿನಿಂದ ನಾಗರಿಕರು ಪಾಲಿಕೆ ಬಜೆಟ್‌ಗೆ ತಮ್ಮ ವಾರ್ಡಿನ ಸಣ್ಣ ಕೆಲಸಗಳನ್ನು ಸೂಚಿಸಬಹುದು. ಒಳ್ಳೆಯದೇ, ಆದರೆ ಆರಿಸುವವರು ಅವರೇ. ಈ ಕಥೆಯನ್ನೆಲ್ಲ ಬೆಂಗಳೂರಿನಲ್ಲಿರುವ ಅಣ್ಣನಿಗೆ ಫೋನಿನಲ್ಲಿ ಹೇಳಿದೆ. ಅಲ್ಲಿನ ಪಾಲಿಕೆಯ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ, ಆಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲ. ‘ನಿಂದು ಸಹಿ ಕಥೆ ಆಮೇಲೆ ಕಣೋ, ನಮಗೆ ಮೊದಲು ಕಾರ್ಪೊರೇಟರ್ ಅಂತ ಒಬ್ಬ ಬೇಕಲ್ಲ’ ಅಂದ.

ಪುಣೆಯದೂ 2022ರ ಮಾರ್ಚ್‌ನಲ್ಲಿ ಮುಗಿದು, ಹೊಸಬರು ಬರಲು 2026ರ ಜನವರಿಯೇ ಆಗಬೇಕಾಯಿತು. ಈಗ ನಮ್ಮ ಪ್ರಭಾಗಕ್ಕೆ ನಾಲ್ವರು ನಗರಸೇವಕರು. ಹಳೆಯ ಅರ್ಜಿಯ ನಾಲ್ಕು ಜೆರಾಕ್ಸ್ ತೆಗೆಸಿಟ್ಟಿದ್ದೇನೆ. ಮೊದಲು ಯಾರ ಬಳಿ ಹೋಗಬೇಕೆಂದು ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇನ್ನೂ ಮತದಾನ ನಡೆದಿದೆ.