ಕೀಲುಕುದುರೆ ಏರಿದ ರಾಕ್

ಸ್ಟೇಜ್ ಮೇಲೆ ಡ್ರಮ್ಸ್, ಗಿಟಾರ್. ಪಕ್ಕಾ ರಾಕ್ ಶೋ ಅಂದುಕೊಂಡಿರ್ತೀರ. ಅಷ್ಟರಲ್ಲಿ ಹಾಡುಗಾರ ಸೊಂಟಕ್ಕೆ ಕೀಲುಕುದುರೆ ಕಟ್ಟಿಕೊಂಡು ಕುಣೀತಾರೆ! ಹೌದು, ನಮ್ಮ ಜಾತ್ರೆ, ಮೆರವಣಿಗೆಗಳಲ್ಲಿ ಕುಣಿಯೋ ಅದೇ ಕುದುರೆ.

ಇದು ಬೆಂಗಳೂರಿನ ಸ್ವರಾತ್ಮ ಬ್ಯಾಂಡ್. ಹಾಡುಗಾರ ವಾಸು ದೀಕ್ಷಿತ್, ಗಾಯಕ ರಘು ದೀಕ್ಷಿತ್ ಅವರ ತಮ್ಮ.

ಇವರ ಸಂಗೀತಕ್ಕೆ ಒಂದೇ ಹೆಸರು ಸಾಲಲ್ಲ. ಜಾನಪದದ ಲಯ ಇದೆ, ಪಿಟೀಲಿದೆ, ರಾಕ್‌ನ ಅಬ್ಬರ ಇದೆ. ಸಾಹಿತ್ಯ ಹಿಂದಿಯಲ್ಲೂ ಇದೆ, ಕನ್ನಡದಲ್ಲೂ ಇದೆ. 2009ರ ಮೊದಲ ಆಲ್ಬಮ್‌ನಲ್ಲೇ ‘ಈ ಭೂಮಿ’ ಅನ್ನೋ ಕನ್ನಡ ಹಾಡು ಬಂತು.

ಬಣ್ಣದ ಬಟ್ಟೆ, ಕುಣಿತ ನೋಡಿ ಬರೀ ಮೋಜು ಅಂದುಕೋಬೇಡಿ. ‘ಪ್ಯಾಸಿ’ ಹಾಡಿನಲ್ಲಿ ಕಾವೇರಿಯ ನೋವಿದೆ. 2012ರ ‘ಟೋಪಿವಾಲೆ’ ಆಲ್ಬಮ್‌ನ ಶೀರ್ಷಿಕೆ ಹಾಡು ರಾಜಕಾರಣಿಗಳನ್ನ ನೇರವಾಗಿ ಕುಟುಕುತ್ತೆ. ಅದೇ ಆಲ್ಬಮ್‌ನ ‘ಘುಮ್’ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಗ್ಗೆ. ಮನೆಯಲ್ಲೇ ಬಾಯಿಬಿಡಲು ಹೆದರೋ ವಿಷಯವನ್ನ ಸಾವಿರಾರು ಜನರ ಮುಂದೆ ಹಾಡೋಕೆ ಎದೆಗಾರಿಕೆ ಬೇಕು. ನನ್ನ ಲೆಕ್ಕದಲ್ಲಿ ಸ್ವರಾತ್ಮದ ನಿಜವಾದ ದೊಡ್ಡತನ ಇರೋದು ಇಲ್ಲೇ.

ಮೊದಲು ‘ಈ ಭೂಮಿ’ ಕೇಳಿ, ಆಮೇಲೆ ‘ಪ್ಯಾಸಿ’. ಸ್ವರಾತ್ಮ ನಿಮ್ಮೂರಿಗೆ ಬಂದಾಗ ಮಾತ್ರ ಮೊಬೈಲ್ ಒಳಗಿಟ್ಟು, ಮುಂದಿನ ಸಾಲಲ್ಲೇ ನಿಂತ್ಕೊಳ್ಳಿ.