ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಶಿಕ್ಷಕ ಕುಟುಂಬಗಳ ವಾಸ ವ್ಯವಸ್ಥೆಗಳು

ಮಧುಗಿರಿ ಶೈಕ್ಷಣಿಕ ಜಿಲ್ಲೆಯು ತುಮಕೂರು ಕಂದಾಯ ಜಿಲ್ಲೆಯ ಮಧುಗಿರಿ, ಸಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳನ್ನು ಒಳಗೊಂಡಿದೆ. ಇಲ್ಲಿನ ಸರ್ಕಾರಿ ಶಾಲೆಗಳ ಶಿಕ್ಷಕರಲ್ಲಿ ಪತಿ ಮತ್ತು ಪತ್ನಿ ಬೇರೆ ಬೇರೆ ಊರುಗಳಲ್ಲಿ ಉದ್ಯೋಗದಲ್ಲಿರುವುದುಂಟು. ಅಂತಹ ಕುಟುಂಬಗಳು ವೃತ್ತಿ, ಮಕ್ಕಳ ಪಾಲನೆ ಹಾಗೂ ಹಿರಿಯರ ಆರೈಕೆಯನ್ನು ಹೊಂದಿಸಿಕೊಳ್ಳಲು ಹಲವು ಬಗೆಯ ವಾಸ ವ್ಯವಸ್ಥೆಗಳನ್ನು ರೂಪಿಸಿಕೊಳ್ಳುತ್ತವೆ.

ಹಿನ್ನೆಲೆ

ತುಮಕೂರು ಜಿಲ್ಲೆಯಲ್ಲಿ ತುಮಕೂರು ಮತ್ತು ಮಧುಗಿರಿ ಎಂಬ ಎರಡು ಶೈಕ್ಷಣಿಕ ಜಿಲ್ಲೆಗಳಿವೆ. ಕೊರಟಗೆರೆಯು ತುಮಕೂರು ನಗರಕ್ಕೆ ಸಮೀಪದಲ್ಲಿದ್ದು, ಸಿರಾ ರಾಷ್ಟ್ರೀಯ ಹೆದ್ದಾರಿ 48ರ ಮೇಲಿದೆ. ಪಾವಗಡ ತಾಲ್ಲೂಕು ಜಿಲ್ಲಾ ಕೇಂದ್ರದಿಂದ ಬಹು ದೂರದಲ್ಲಿದ್ದು, ಅದರ ಬಹುಭಾಗ ಗಡಿಯನ್ನು ಆಂಧ್ರಪ್ರದೇಶ ಸುತ್ತುವರಿದಿದೆ. ಆದ್ದರಿಂದ ಕೊರಟಗೆರೆಯ ಶಿಕ್ಷಕರಿಗೆ ಸಾಧ್ಯವಾಗುವ ದಿನನಿತ್ಯದ ಓಡಾಟ ಪಾವಗಡದ ಹಳ್ಳಿಗಳಲ್ಲಿ ಕೆಲಸ ಮಾಡುವವರಿಗೆ ಕಷ್ಟಸಾಧ್ಯ.

ವಾಸದ ಬಗೆಗಳು

* ನಡುವಣ ಊರಿನ ವಾಸ: ಇಬ್ಬರ ಕೆಲಸದ ಸ್ಥಳಗಳ ನಡುವಿನ ಪಟ್ಟಣದಲ್ಲಿ ಮನೆ ಮಾಡಿ, ಇಬ್ಬರೂ ವಿರುದ್ಧ ದಿಕ್ಕುಗಳಿಗೆ ಪ್ರಯಾಣಿಸುವುದು. ಒಬ್ಬರು ಕೊರಟಗೆರೆ, ಮತ್ತೊಬ್ಬರು ಸಿರಾ ತಾಲ್ಲೂಕಿನಲ್ಲಿದ್ದರೆ ಮಧುಗಿರಿ ಪಟ್ಟಣ ಇದಕ್ಕೆ ಅನುಕೂಲಕರ.
* ಎರಡು ಮನೆಗಳ ವಾಸ: ಒಬ್ಬರು ಮಕ್ಕಳೊಡನೆ ತುಮಕೂರು ಅಥವಾ ಬೆಂಗಳೂರಿನಲ್ಲಿದ್ದು, ಮತ್ತೊಬ್ಬರು ಶಾಲೆಯ ಬಳಿ ಬಾಡಿಗೆ ಕೊಠಡಿಯಲ್ಲಿರುವುದು. ಶನಿವಾರ ಶಾಲೆ ಅರ್ಧ ದಿನ ಮಾತ್ರ ನಡೆಯುವುದರಿಂದ ಅಂದು ಊರಿಗೆ ಹೊರಟು ಭಾನುವಾರ ಸಂಜೆ ಅಥವಾ ಸೋಮವಾರ ಮುಂಜಾನೆ ಮರಳುತ್ತಾರೆ.
* ಹಂಚಿಕೆಯ ಮನೆ: ಇಬ್ಬರು ಮೂವರು ಶಿಕ್ಷಕಿಯರು ಒಂದೇ ಮನೆಯನ್ನು ಬಾಡಿಗೆಗೆ ಪಡೆದು, ಅಡುಗೆ ಮತ್ತು ಖರ್ಚನ್ನು ಹಂಚಿಕೊಳ್ಳುವುದು.
* ಹಿರಿಯರ ಆಸರೆ: ಅಜ್ಜಿ-ತಾತ ಶಿಕ್ಷಕರ ಮನೆಗೆ ಬಂದು ನೆಲೆಸುವುದು ಅಥವಾ ಮಗುವನ್ನು ಅವರ ಊರಿನಲ್ಲಿ ಬಿಡುವುದು. ಎರಡನೆಯದರಲ್ಲಿ ಮಗು ತಂದೆ-ತಾಯಿ ಇಬ್ಬರಿಂದಲೂ ದೂರವಿರಬೇಕಾಗುತ್ತದೆ.

ಕಾನೂನು ಮತ್ತು ಸೌಲಭ್ಯಗಳು

ಕೇಂದ್ರ ಸರ್ಕಾರವು ಪತಿ-ಪತ್ನಿಯರನ್ನು ಸಾಧ್ಯವಾದಷ್ಟೂ ಒಂದೇ ಸ್ಥಳಕ್ಕೆ ನಿಯೋಜಿಸಬೇಕೆಂದು ತನ್ನ ನೌಕರರ ವಿಷಯದಲ್ಲಿ 1986ರಲ್ಲಿ ಮಾರ್ಗಸೂಚಿ ಹೊರಡಿಸಿ, 2009ರಲ್ಲಿ ಅದನ್ನು ಬಲಪಡಿಸಿತು. ಕರ್ನಾಟಕದಲ್ಲಿ ಶಿಕ್ಷಕರ ವರ್ಗಾವಣೆಯನ್ನು ನಿಯಂತ್ರಿಸಲು 2007ರಲ್ಲಿ ಪ್ರತ್ಯೇಕ ಅಧಿನಿಯಮ ಬಂದಿತು. 2020ರಲ್ಲಿ ಅದರ ಸ್ಥಾನದಲ್ಲಿ ಹೊಸ ಅಧಿನಿಯಮ ಜಾರಿಯಾಯಿತು. ವರ್ಗಾವಣೆಯು ಕೌನ್ಸೆಲಿಂಗ್ ಮೂಲಕ ನಡೆಯುತ್ತದೆ. ಬೇರೆ ಬೇರೆ ಕಡೆ ಸೇವೆಯಲ್ಲಿರುವ ದಂಪತಿಗಳ ಕೋರಿಕೆಯನ್ನು ‘ದಂಪತಿ ಪ್ರಕರಣ’ ಎಂದು ಕರೆಯಲಾಗುತ್ತದೆ, ಅದಕ್ಕೆ ಆದ್ಯತೆಯಿದೆ. ಆದರೆ ಖಾಸಗಿ ಉದ್ಯೋಗದಲ್ಲಿರುವ ಸಂಗಾತಿಯನ್ನು ವರ್ಗಾಯಿಸುವ ಅಧಿಕಾರ ಸರ್ಕಾರಕ್ಕಿಲ್ಲ.

ರಾಜ್ಯದ ಮಹಿಳಾ ನೌಕರರಿಗೆ 180 ದಿನಗಳ ಹೆರಿಗೆ ರಜೆಯಿದೆ. 2021ರಲ್ಲಿ ಇಡೀ ಸೇವಾವಧಿಗೆ 180 ದಿನಗಳ ಶಿಶುಪಾಲನಾ ರಜೆಯನ್ನೂ ನೀಡಲಾಯಿತು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತವಾಗಿದ್ದು, ಶಿಕ್ಷಕಿಯರ ಓಡಾಟದ ವೆಚ್ಚ ತಗ್ಗಿದೆ. ಪ್ರಯಾಣದ ಸಮಯ ಮಾತ್ರ ತಗ್ಗಿಲ್ಲ.

ಪರಿಣಾಮಗಳು

ಸರ್ಕಾರಿ ನೌಕರರು ಕೇಂದ್ರಸ್ಥಾನದಲ್ಲಿ ವಾಸಿಸಬೇಕೆಂಬುದು ಸಾಮಾನ್ಯ ನಿರೀಕ್ಷೆ. ಶಿಕ್ಷಕರು ಊರಿನಲ್ಲೇ ನೆಲೆಸಿದರೆ ಪೋಷಕರೊಡನೆ ಒಡನಾಟ ಹೆಚ್ಚುತ್ತದೆ. ಬಸ್ಸು ತಪ್ಪಿದ ಕಾರಣಕ್ಕೆ ಪಾಠ ನಿಲ್ಲುವುದಿಲ್ಲ. ಇನ್ನೊಂದೆಡೆ, ಹಳ್ಳಿಗಳಲ್ಲಿ ಬಾಡಿಗೆ ಮನೆ, ಆಸ್ಪತ್ರೆ ಮತ್ತು ಪ್ರೌಢ ಶಿಕ್ಷಣದ ನಂತರದ ಕಾಲೇಜುಗಳ ಕೊರತೆ ಕುಟುಂಬಗಳನ್ನು ಪಟ್ಟಣದತ್ತ ಸೆಳೆಯುತ್ತದೆ. ದೂರದ ಶಾಲೆಯಿಂದ ದಂಪತಿ ಪ್ರಕರಣದಲ್ಲಿ ಒಬ್ಬರು ವರ್ಗವಾದಾಗ ಒಂದು ಕುಟುಂಬ ಒಂದಾಗುತ್ತದೆ. ಆದರೆ ಬದಲಿ ಶಿಕ್ಷಕರು ಬರುವವರೆಗೆ ಆ ಊರಿನ ಮಕ್ಕಳ ಕಲಿಕೆ ಕುಂಠಿತವಾಗುತ್ತದೆ. ಈ ಎರಡು ಹಿತಗಳನ್ನು ಸರಿದೂಗಿಸುವುದೇ ವರ್ಗಾವಣೆ ನೀತಿಯ ಮುಖ್ಯ ಸವಾಲಾಗಿದೆ.