ಕ್ಯಾಮ್ ಒಂದು ದಾರಿ, ಟರ್ಬೊ ಒಂದು ದಾರಿ ಆಗಬಾರದು

ಹಿರಿಯೂರಿನಲ್ಲಿ ಹೆದ್ದಾರಿ 48 ಮತ್ತು 150ಎ ಕೂಡುತ್ತವೆ. ಇಲ್ಲಿ ಓಡಾಡುವ ಲಾರಿಗಳಲ್ಲಿ ಬಹುಪಾಲಿಗೆ ಟರ್ಬೊ ಇದೆ, ಈಚೆಗೆ ಸಣ್ಣ ಪೆಟ್ರೋಲ್ ಕಾರುಗಳಿಗೂ ಬಂದಿದೆ. ಇರುವ ಟರ್ಬೊ ಸಾಲದೆಂದು ದೊಡ್ಡದನ್ನು ಹಾಕಿಸಿ, ಜೊತೆಗೊಂದು ‘ರೇಸ್ ಕ್ಯಾಮ್’ ಕೂಡ ಇರಲಿ ಎನ್ನುವ ಹುಡುಗರಿದ್ದಾರೆ. ಇವೆರಡನ್ನೂ ಹೊಂದಿಸುವುದು ಒಂದು ವಿದ್ಯೆಯೇ.

ವಾಲ್ವ್ ಯಾವಾಗ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ತೀರ್ಮಾನಿಸುವುದು ಕ್ಯಾಮ್‌ಶಾಫ್ಟ್. ಟರ್ಬೊ ಇಲ್ಲದ ರೇಸ್ ಎಂಜಿನ್‌ನಲ್ಲಿ ಒಳವಾಲ್ವ್, ಹೊರವಾಲ್ವ್ ಎರಡೂ ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರುತ್ತವೆ. ಇದೇ ಓವರ್‌ಲ್ಯಾಪ್. ಹೊರಹೋಗುವ ಹೊಗೆಯ ರಭಸವೇ ಹೊಸ ಗಾಳಿಯನ್ನು ಒಳಗೆಳೆಯುತ್ತದೆ. ಟರ್ಬೊ ಬಂದರೆ ಲೆಕ್ಕ ತಿರುವುಮುರುವು. ಹೊಗೆ ಹೋಗುವ ದಾರಿಗೆ ಟರ್ಬೈನ್ ಅಡ್ಡ ನಿಂತಿರುತ್ತದೆ. ಸಣ್ಣ ಟರ್ಬೊದಲ್ಲಿ ಬೂಸ್ಟ್, ಅಂದರೆ ಒಳಗೆ ತಳ್ಳುವ ಗಾಳಿಯ ಒತ್ತಡ, 1 ಬಾರ್ ಇದ್ದರೆ ಟರ್ಬೈನ್ ಮುಂದೆ ಕಟ್ಟಿಕೊಳ್ಳುವ ಹೊಗೆಯ ಒತ್ತಡ ಒಂದೂವರೆ, ಎರಡು ಬಾರ್ ಮುಟ್ಟಬಹುದು. ಆಗ ಓವರ್‌ಲ್ಯಾಪ್ ಹೆಚ್ಚಿದ್ದರೆ ಸುಟ್ಟ ಹೊಗೆ ಸಿಲಿಂಡರ್‌ಗೇ ವಾಪಸು ನುಗ್ಗುತ್ತದೆ. ಗಾಡಿ ಸದ್ದು ಮಾಡುತ್ತದೆ, ಎಳೆಯುವುದಿಲ್ಲ. ದೊಡ್ಡ ಟರ್ಬೊದಲ್ಲಿ ಹೊಗೆಯ ಒತ್ತಡ ಬೂಸ್ಟ್‌ಗಿಂತ ಕಡಿಮೆ ಉಳಿದರೆ ಮಾತ್ರ ಓವರ್‌ಲ್ಯಾಪ್‌ನಿಂದ ಲಾಭ. ಆದರೆ ಆ ಟರ್ಬೊ ಸುತ್ತು ಹಿಡಿಯುವುದೇ ತಡ.

ಸಣ್ಣ ಟರ್ಬೊಗೆ ಉದ್ದ ಡ್ಯುರೇಷನ್‌ನ, ಅಂದರೆ ವಾಲ್ವ್‌ಅನ್ನು ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್ ಹಾಕಿದರೆ ಎರಡೂ ಕಡೆ ನಷ್ಟ. ಕ್ಯಾಮ್ 7000 ಆರ್‌ಪಿಎಂನಲ್ಲಿ ಗಾಳಿ ಕೇಳುವ ಹೊತ್ತಿಗೆ ಟರ್ಬೊ ಉಸಿರುಗಟ್ಟಿರುತ್ತದೆ, 2500ರಲ್ಲಿ ಟರ್ಬೊ ಸಿದ್ಧವಿದ್ದಾಗ ಕ್ಯಾಮ್ ಮೈಗಳ್ಳ.

ಕ್ಯಾಮ್ ಕೂರಿಸುವುದು ತಾಳ್ಮೆಯ ಕೆಲಸ. ಕ್ರ್ಯಾಂಕ್‌ಗೆ ಡಿಗ್ರಿ ಗುರುತಿನ ಚಕ್ರ ಕಟ್ಟಿ, ವಾಲ್ವ್ ಬಕೆಟ್ ಮೇಲೆ ಡಯಲ್ ಗೇಜ್ ಇಟ್ಟು, ಏರುವಾಗ ಮತ್ತು ಇಳಿಯುವಾಗ ಒಂದೇ ಲಿಫ್ಟ್ (ವಾಲ್ವ್ ಸರಿದ ದೂರ) ಬರುವ ಜಾಗಗಳನ್ನು ಗುರುತು ಮಾಡುತ್ತಾರೆ. 80 ಮತ್ತು 140 ಡಿಗ್ರಿ ಬಂದರೆ ಕ್ಯಾಮ್‌ನ ನಡು 110. ಕ್ಯಾಮ್ ಗಿಯರ್‌ನಲ್ಲಿ 1 ಡಿಗ್ರಿ ತಿರುಗಿಸಿದರೆ ಕ್ರ್ಯಾಂಕ್ ಲೆಕ್ಕದಲ್ಲಿ ಅದು 2 ಡಿಗ್ರಿ. ಸ್ಪ್ರಿಂಗನ್ನು ಮರೆಯುವವರೇ ಹೆಚ್ಚು. 30 ಮಿ.ಮೀ. ವ್ಯಾಸದ ಒಳವಾಲ್ವ್‌ನ ಬೆನ್ನಿಗೆ 1 ಬಾರ್ ಬೂಸ್ಟ್ ಬಿದ್ದರೆ ಸುಮಾರು 7 ಕೆ.ಜಿ. ತೂಕ ಒತ್ತಿದಂತೆ. ಹಳೆ ಸ್ಪ್ರಿಂಗ್ ಅದನ್ನು ತಡೆಯದಿದ್ದರೆ ವಾಲ್ವ್ ಸರಿಯಾಗಿ ಮುಚ್ಚುವುದಿಲ್ಲ.

ಕ್ಯಾಮ್ ಎಂದರೆ ಜರ್ಮನಿ, ಜಪಾನ್‌ನದ್ದೇ ಎಂದುಕೊಳ್ಳಬೇಕಿಲ್ಲ. ಹಿರಿಯೂರಿನಿಂದ ಚಿತ್ರದುರ್ಗ, ಹೊಸಪೇಟೆ, ವಿಜಯಪುರದ ದಾರಿ ಹಿಡಿದರೆ ಸೊಲ್ಲಾಪುರ. ಕನ್ನಡ ಮನೆಮಾತಿನ ಕುಟುಂಬಗಳು ಸಾಕಷ್ಟಿರುವ ಆ ಊರು ನಮಗೆ ಚಾದರದಿಂದ ಪರಿಚಿತ. ಅಲ್ಲೇ 1992ರಲ್ಲಿ ಶುರುವಾದ ಪ್ರಿಸಿಷನ್ ಕ್ಯಾಮ್‌ಶಾಫ್ಟ್ಸ್ ದೇಶವಿದೇಶದ ಕಾರು ಕಂಪನಿಗಳಿಗೆ ಕ್ಯಾಮ್ ಮಾಡಿ ಕಳಿಸುತ್ತದೆ. ಚಾದರದಷ್ಟು ಹೆಸರು ಇದಕ್ಕೆ ಬಂದಿಲ್ಲ, ಬರಬೇಕಿತ್ತು.

ರಸ್ತೆಯ ಕಾರಿಗೆ ಕಂಪನಿ ಕೊಟ್ಟ ಕ್ಯಾಮೇ ಸಾಕು, ಅದು ಆ ಟರ್ಬೊಗೆಂದೇ ಅಳೆದು ಮಾಡಿದ್ದು. ರೇಸ್ ಟ್ರ್ಯಾಕ್‌ಗೆ ಎಂಜಿನ್ ಕಟ್ಟಿಸುವವರು ಮಾತ್ರ ಯಾವ ಆರ್‌ಪಿಎಂನಲ್ಲಿ ಓಡಿಸುತ್ತೀರಿ ಎಂದು ಮೊದಲು ಕೇಳುವ ಮೆಕ್ಯಾನಿಕ್‌ನನ್ನು ಹುಡುಕಿಕೊಳ್ಳಿ. ಹೆದ್ದಾರಿಗೇ ಇಳಿಸುವ ಆಲೋಚನೆ ಇದ್ದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿಕೊಂಡು, ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿದ ಮೇಲೆಯೇ ಎಂಜಿನ್ ಬಿಚ್ಚಿಸಿ.